ಒಂಬತ್ತು ಸೆಕೆಂಡಿನ ಭಾನುವಾರ

ನಮ್ಮ ಆಫೀಸಿನ ಮುಖ್ಯಸ್ಥರಿಗೆ ಓದಲು ಬರುತ್ತದೆ ಎನ್ನುವುದಕ್ಕೆ ಹದಿನಾಲ್ಕು ವರ್ಷಗಳಲ್ಲಿ ನನಗೆ ಒಂದು ಪುರಾವೆಯೂ ಸಿಕ್ಕಿಲ್ಲ. ಬಣ್ಣ ಮಾತ್ರ ಗೊತ್ತಾಗುತ್ತದೆ. ಬೆಳಿಗ್ಗೆ ಬಂದವರೇ ಗೋಡೆಯ ಮೇಲಿನ ದೊಡ್ಡ ಪರದೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, "ಎಲ್ಲಾ ಹಸಿರಿದೆ ತಾನೇ?" ಎನ್ನುತ್ತಾರೆ. ಹಸಿರಿದ್ದರೆ ಚಹಾ ಕುಡಿಯಲು ಹೋಗುತ್ತಾರೆ. ಕೆಂಪಿದ್ದರೆ ಯಾರ ಮೇಲಾದರೂ ರೇಗಿ, ಆಮೇಲೆ ಚಹಾ ಕುಡಿಯಲು ಹೋಗುತ್ತಾರೆ. ಅವರಿಗೆ ನಾನಿಟ್ಟ ಹೆಸರು ಹಸಿರು ಸಾಹೇಬ. ಈಗ ಇಡೀ ಆಫೀಸು ಅದನ್ನೇ ಬಳಸುತ್ತದೆ, ಅವರ ಡ್ರೈವರ್ ಕೂಡ.

ನಮ್ಮದು ಲಸಿಕೆ ಕಾಯುವ ಕಂಪನಿ. ಆಸ್ಪತ್ರೆಗಳಲ್ಲಿ ಲಸಿಕೆ ಇಡುವ ಶೀತಪೆಟ್ಟಿಗೆಗಳಿರುತ್ತವಲ್ಲ, ಅವುಗಳ ಬೆನ್ನಿಗೆ ಅಂಗೈಯಗಲದ ಒಂದು ಡಬ್ಬಿ ಅಂಟಿಸುತ್ತೇವೆ. ಪೆಟ್ಟಿಗೆಯ ಬಾಗಿಲು ತೆಗೆದರೆ, ಅಥವಾ ಒಳಗೆ ಬಿಸಿಯೇರಿದರೆ, ಡಬ್ಬಿ ನಮ್ಮ ಸರ್ವರ್‌ಗೆ ಸುದ್ದಿ ಕಳಿಸುತ್ತದೆ. ಸರ್ವರ್ ಅದನ್ನು ತೆಗೆದುಕೊಂಡು, "ಮುಟ್ಟಿತು" ಎಂದು ಉತ್ತರ ಕೊಟ್ಟು, ತನ್ನ ದಿನಚರಿಯಾದ ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತದೆ. ಬಿಸಿಯ ಸುದ್ದಿಯಾದರೆ ಆಸ್ಪತ್ರೆಯ ಸ್ಟೋರ್ ಕೀಪರ್‌ಗೆ ಫೋನನ್ನೂ ಮಾಡುತ್ತದೆ. ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ನಾನು ಬರೆದಿಟ್ಟ ಪರೀಕ್ಷೆಗಳು ದಿನಾ ಮಧ್ಯಾಹ್ನ ಒಂದು ಗಂಟೆಗೆ ತಾವಾಗಿಯೇ ಓಡುತ್ತವೆ, ಭಾನುವಾರವೂ. ಡಬ್ಬಿಯ ವೇಷ ಹಾಕಿಕೊಂಡು ಸರ್ವರ್‌ನ ಬಾಗಿಲು ತಟ್ಟುತ್ತವೆ, ಉತ್ತರ ಬಂತೇ, ಲಾಗ್‌ನಲ್ಲಿ ಸಾಲು ಬಿತ್ತೇ ಎಂದು ನೋಡುತ್ತವೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು.

ಇನ್ನೊಬ್ಬರ ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಹೆಚ್ಚಿಲ್ಲ. ನನಗೆ ಹೇಳಿ ಮಾಡಿಸಿದ ಹಾಗಿದೆ. "ಇವಳು ಹುಟ್ಟುತ್ತಲೇ ಸೂಲಗಿತ್ತಿಯ ತಪ್ಪು ಎಣಿಸಿದವಳು" ಎಂದು ನನ್ನಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಸರ್ವರ್ ಬರೆದವನನ್ನು ನಾನು ಪಂಡಿತ ಎನ್ನುತ್ತೇನೆ. ಏನು ಕೇಳಿದರೂ ಮೊದಲು ಕಣ್ಣುಮುಚ್ಚಿ, ಆಮೇಲೆ "ಅದು ಹಾಗಲ್ಲ" ಎಂದು ಶುರುಮಾಡುವ ಗಿರಾಕಿ. ಅವನ ಕೋಡಿನಲ್ಲಿ ತಪ್ಪು ತೋರಿಸಿದರೆ ನನ್ನ ಪರೀಕ್ಷೆಯ ಭಾಷೆ ಒರಟಾಯಿತು ಎನ್ನುತ್ತಾನೆ. ಕೆಳಗಿನ ಮಹಡಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಮುದುಕರೊಬ್ಬರಿದ್ದಾರೆ. ಮಾತು ಕಡಿಮೆ, ತೂಕಡಿಕೆ ಜಾಸ್ತಿ. ಏನೇ ಕೆಟ್ಟರೂ ಅವರ ತಲೆಯ ಮೇಲೆ ಗೂಬೆ ಕೂರಿಸುವುದು ನಮ್ಮಲ್ಲಿ ರೂಢಿ. ಅವರೂ ಬೇಡ ಅಂದವರಲ್ಲ.

ಇನ್ನು ನನ್ನ ತಮ್ಮನ ಹೆಂಡತಿ. ನಮ್ಮ ಡಬ್ಬಿ ಇರುವ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷಗಳಿಂದ ಸ್ಟೋರ್ ಕೀಪರ್. ಬೀಗದ ಕೈಯನ್ನು ಕೈಯಲ್ಲಿ ಹಿಡಿದುಕೊಂಡೇ ಬೀಗದ ಕೈ ಹುಡುಕುವವಳು. ಮನೆ ಬಾಗಿಲು ಹಾಕಿ ಬೀದಿ ತುದಿಯವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವವಳು. ತನ್ನ ತಲೆಯ ಮೇಲೆ ತನಗೇ ನಂಬಿಕೆಯಿಲ್ಲದ್ದರಿಂದ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾಳೆ. ಒಮ್ಮೆ ಕೆಲಸದ ನಡುವೆ ಫೋನ್ ಮಾಡಿ, ದೀಪ ಕೆಂಪಗಾಗುತ್ತೆ, ಹಸಿರಾಗುತ್ತೆ ಎಂದು ಏನೋ ರಾಗ ಎಳೆದಿದ್ದಳು. ಎರಡು ಮಾತು ಅಂದು ಇಟ್ಟಿದ್ದೆ. ತಮ್ಮ ಇವಳಲ್ಲಿ ಏನು ಕಂಡನೋ ಎಂದು ಇಪ್ಪತ್ತು ವರ್ಷಗಳಿಂದ ಯೋಚಿಸುತ್ತಿದ್ದೇನೆ.

ಆ ಸೋಮವಾರ ಅವಳು ಸ್ಟೋರಿನ ಬೀಗ ತೆಗೆದಾಗ ಶೀತಪೆಟ್ಟಿಗೆ ನಿಂತುಹೋಗಿತ್ತು. ಒಳಗೆ ಮಕ್ಕಳಿಗೆ ಹಾಕುವ ಆರುನೂರು ಡೋಸ್ ಲಸಿಕೆ, ಎಲ್ಲವೂ ಬೆಚ್ಚಗೆ. ಪೆಟ್ಟಿಗೆಯ ಒಳಗಿನ ತಾಪಮಾಪಕದ ಪ್ರಕಾರ ಭಾನುವಾರ ಸಂಜೆ ನಾಲ್ಕು ಹತ್ತಕ್ಕೆ ಬಿಸಿಯೇರಲು ಶುರುವಾಗಿದೆ. ಅವಳಿಗೆ ನಮ್ಮ ಸರ್ವರ್‌ನಿಂದ ಫೋನ್ ಬಂದಿಲ್ಲ. ಆಸ್ಪತ್ರೆಯವರು ನಮ್ಮ ಕಂಪನಿಯನ್ನು ಕೇಳಿದರು. ಹಸಿರು ಸಾಹೇಬರು ಲಾಗ್ ತೆಗೆಸಿ ನೋಡಿ ಪತ್ರ ಬರೆದರು: ಆ ಹೊತ್ತಿಗೆ ಡಬ್ಬಿಯಿಂದ ಯಾವ ಸುದ್ದಿಯೂ ಬಂದಿಲ್ಲ, ನಮ್ಮ ವ್ಯವಸ್ಥೆ ದಿನವೂ ಪರೀಕ್ಷೆಗೊಳಗಾಗಿ ಪಾಸಾಗಿದೆ, ಡಬ್ಬಿಯ ಪ್ಲಗ್ಗನ್ನು ಯಾರೋ ಕಿತ್ತಿರಬೇಕು. ಸ್ಟೋರಿನ ಬೀಗದ ಕೈ ಇರುವುದು ಒಬ್ಬಳ ಹತ್ತಿರ ಮಾತ್ರ. ಗುರುವಾರ ಹನ್ನೊಂದಕ್ಕೆ ವಿಚಾರಣೆ. ತಪ್ಪು ಅವಳದೆಂದಾದರೆ ಕೆಲಸ ಹೋಗುತ್ತದೆ, ಮತ್ತೆ ಯಾವ ಆಸ್ಪತ್ರೆಯೂ ಅವಳ ಕೈಗೆ ಔಷಧಿಯ ಬೀಗ ಕೊಡುವುದಿಲ್ಲ.

ಮಂಗಳವಾರ ತಮ್ಮ ಫೋನ್ ಮಾಡಿದ.

"ಅಕ್ಕಾ, ಅವಳು ಪ್ಲಗ್ ಮುಟ್ಟಿಲ್ಲವಂತೆ."

"ಮುಟ್ಟಿದ್ದು ಮರೆತಿರಬೇಕು. ಯಾವುದು ತಾನೇ ನೆನಪಿರುತ್ತೆ ಅವಳಿಗೆ?"

"ಅಕ್ಕಾ, ಎರಡು ದಿನದಿಂದ ಊಟ ಮಾಡಿಲ್ಲ ಅವಳು. ನಿನ್ನ ಆಫೀಸಿಂದೇ ತಾನೇ ಪತ್ರ ಬಂದಿರೋದು? ಒಂದ್ಸಲ ನೋಡು. ನಿನ್ನ ಕಾಲಿಗೆ ಬೀಳ್ತೀನಿ."

"ಕಾಲು ಬಿಡು. ನೋಡ್ತೀನಿ," ಎಂದೆ. ನಿಜ ಹೇಳಬೇಕೆಂದರೆ, ಅವಳೇ ಪ್ಲಗ್ ಕಿತ್ತಿದ್ದಾಳೆಂದು ಸಾಕ್ಷಿ ಸಮೇತ ತೋರಿಸಿ ಈ ಗೋಳನ್ನು ಮುಗಿಸೋಣ ಎಂಬುದೇ ನನ್ನ ಮನಸ್ಸಿನಲ್ಲಿತ್ತು.

ಬುಧವಾರ ಬೆಳಿಗ್ಗೆ ಲಾಗ್ ತೆರೆದೆ. ಭಾನುವಾರ ಒಂದು ಗಂಟೆಗೆ ನನ್ನ ಪರೀಕ್ಷೆಯ ಸಾಲು. ಅದಾದ ಮೇಲೆ ಸೋಮವಾರ ಬೆಳಿಗ್ಗೆಯವರೆಗೆ ಖಾಲಿ. ಬಿಳಿ ಗೋಡೆಯ ಹಾಗೆ. ಸರಿ, ಪತ್ರ ಸುಳ್ಳಲ್ಲ. ಇನ್ನೇನು ಮುಚ್ಚಬೇಕು, ಆಗ ಪರೀಕ್ಷೆಯ ಫಲಿತಾಂಶದ ಪಕ್ಕದ ಕಂಬಸಾಲಿನ ಮೇಲೆ ಕಣ್ಣು ಬಿತ್ತು. ಪರೀಕ್ಷೆ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಅಲ್ಲಿ ಬರೆದಿರುತ್ತದೆ. ಯಾರೂ ನೋಡುವುದಿಲ್ಲ, ಅದಕ್ಕೆ ಬಣ್ಣವಿಲ್ಲವಲ್ಲ. ಶನಿವಾರ ಮೂರು ಸೆಕೆಂಡು. ಸೋಮವಾರ ಮೂರು. ಭಾನುವಾರ ಒಂಬತ್ತು.

ಹಿಂದಿನ ಭಾನುವಾರ ನೋಡಿದೆ. ಒಂಬತ್ತು. ಅದರ ಹಿಂದಿನದು. ಒಂಬತ್ತು. ಎರಡು ವರ್ಷ ಹಿಂದಕ್ಕೆ ಹೋದೆ. ವಾರವೆಲ್ಲ ಮೂರು, ಭಾನುವಾರ ಒಂಬತ್ತು. ಎಲ್ಲವೂ ಹಚ್ಚ ಹಸಿರು.

ಒಂಬತ್ತು ಎಂದರೆ ಮೂರು ಮೂರಲ. ಯಾರೋ ಪರೀಕ್ಷೆಗೆ ಮೂರು ಸಲ ಬಾಗಿಲು ತಟ್ಟಲು ಹೇಳಿದ್ದಾರೆ, ಮೂರರಲ್ಲಿ ಒಂದು ಸಲ ತೆರೆದರೂ ಪಾಸು. ನನಗೆ ಮೈಯೆಲ್ಲ ಉರಿದುಹೋಯಿತು. ಪರೀಕ್ಷೆಗೆ ಇಂಥ ಹೊಲಸು ತುಂಬಿದವನು ಪಂಡಿತನಲ್ಲದೆ ಇನ್ನಾರು? ತನ್ನ ಸರ್ವರ್‌ನ ಮಾನ ಉಳಿಸಿಕೊಳ್ಳಲು ನನ್ನ ಅಂಗಳಕ್ಕೆ ಕಾಲಿಟ್ಟಿದ್ದಾನೆ. ಇವತ್ತು ಇವನ ಪಾಂಡಿತ್ಯವನ್ನು ಬೀದಿಗೆ ತರುತ್ತೇನೆ ಎಂದುಕೊಂಡು, ಎದುರಿಗೆ ಕೂತಿದ್ದ ಅವನನ್ನು ಕರೆದೇ ಬಿಟ್ಟೆ.

"ಬಾ ಇಲ್ಲಿ. ನಿನ್ನ ಘನಕಾರ್ಯ ನೋಡು ಬಾ."

ಅವನು ಬಂದು ನನ್ನ ಕುರ್ಚಿಯ ಹಿಂದೆ ನಿಂತ. ನಾನು ಪರೀಕ್ಷೆಯ ಕೋಡ್ ತೆರೆದೆ. ಆ ಸಾಲಿನ ಮೇಲೆ ಬರೆದವರ ಟಿಪ್ಪಣಿಯಿತ್ತು, ತಾರೀಖು ಸಮೇತ: "ಭಾನುವಾರ ಮಾತ್ರ ಫೇಲಾಗುತ್ತಿದೆ. ನೆಟ್‌ವರ್ಕಿನ ಮುದುಕರು ಮಲಗಿರುತ್ತಾರೆ, ಮತ್ತೇನಿಲ್ಲ. ಫೇಲಾದರೆ ಮೂರು ಸಲದವರೆಗೆ ನೋಡು, ಕೊನೆಯದನ್ನು ಬರೆ." ಕೆಳಗೆ ನನ್ನ ಹೆಸರು.

"ಇದು ನಿಮ್ಮದೇ ಅಲ್ವಾ?" ಎಂದ ಪಂಡಿತ.

ನೆನಪಾಯಿತು. ಎರಡೂವರೆ ವರ್ಷದ ಹಿಂದೆ. ನಾಲ್ಕು ವಾರ ಸತತವಾಗಿ ಸೋಮವಾರ ಬೆಳಿಗ್ಗೆ ಪರದೆ ಕೆಂಪಗಿತ್ತು. ಹಸಿರು ಸಾಹೇಬರು ಎಲ್ಲರೆದುರು, "ನಿಮ್ಮ ಪರೀಕ್ಷೆಗೇ ಒಂದು ಪರೀಕ್ಷೆ ಬೇಕು ಅನ್ಸುತ್ತೆ," ಎಂದಿದ್ದರು. ಎಲ್ಲರೂ ನಕ್ಕಿದ್ದರು, ಆ ಪಂಡಿತ ಕೂಡ. ಅವಮಾನಕ್ಕೆ ಕಾರಣ ಹುಡುಕುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಒಂದು ಸಾಲು ಬರೆದೆ, ಕೆಂಪು ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಡೊಂಕೆಂದು ಟಿಪ್ಪಣಿಯನ್ನೂ ಬರೆದು, ಸಹಿಯನ್ನೂ ಹಾಕಿದ್ದೆ.

"ಭಾನುವಾರ ಮೊದಲ ಎರಡು ಸಲ ಯಾಕೆ ತೆರೆಯಲ್ಲ ನಿನ್ನ ಬಾಗಿಲು?" ಎಂದು ಕೇಳಿದೆ.

ಪಂಡಿತ ಕಣ್ಣು ಮುಚ್ಚಿದ. "ಅದು ಹಾಗಲ್ಲ. ಸರ್ವರ್‌ಗೆ ಇರೋದು ಎರಡು ಬಾಗಿಲು. ಒಂದು ಗಂಟೆ ಹೊತ್ತು ಯಾರೂ ಬರದಿದ್ರೆ ಒಳಗಿನ ಹಳೇ ಕನೆಕ್ಷನ್ ಸತ್ತುಹೋಗಿರುತ್ತೆ. ಆಮೇಲೆ ಮೊದಲು ತಟ್ಟಿದವರ ಕನೆಕ್ಷನ್ ಕಡಿದು, ಆ ಬಾಗಿಲು ತನ್ನನ್ನು ತಾನು ಸರಿಮಾಡ್ಕೊಳ್ಳುತ್ತೆ. ಎರಡನೆಯವರಿಗೆ ಇನ್ನೊಂದು ಬಾಗಿಲು, ಅದೇ ಕತೆ. ಮೂರನೆಯವರಿಗೆ ಸಲೀಸು. ವಾರದ ದಿನ ಎಲ್ಲಾ ಆಸ್ಪತ್ರೇಲೂ ಪೆಟ್ಟಿಗೆ ತೆಗೀತಾ ಇರ್ತಾರೆ, ಬಾಗಿಲು ತಣ್ಣಗಾಗೋದೇ ಇಲ್ಲ. ಭಾನುವಾರ ಮಾತ್ರ..."

"ಡಬ್ಬಿ ಎಷ್ಟು ಸಲ ತಟ್ಟುತ್ತೆ?"

"ಎರಡು. ಡೇಟಾ ಉಳಿಸೋಕೆ. ಎರಡು ಸಲಕ್ಕೆ ಆಗದಿದ್ರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತೆ. ಯಾರಾದ್ರೂ ಬಂದು ಗುಂಡಿ ಒತ್ತಬೇಕು."

"ಹಾಗಾದ್ರೆ ವಾಪಸ್ ಕಳಿಸಿದ್ದು ಲಾಗ್‌ನಲ್ಲಿ ಯಾಕೆ ಇಲ್ಲ?"

"ಒಳಗೇ ಬಾರದವರ ಹೆಸರು ಯಾಕೆ ಬರೀಬೇಕು?" ಎಂದ ಆ ಮಹಾನುಭಾವ. ಸ್ವಲ್ಪ ಯೋಚಿಸಿ, "ತಪ್ಪು ಡಬ್ಬಿಯದು. ಅದು ಮೂರು ಸಲ ತಟ್ಟಬೇಕಿತ್ತು," ಎಂದೂ ಸೇರಿಸಿದ. ಅವನನ್ನು ಬೈಯಲು ಬಾಯಿ ತೆರೆದೆ. ಪರದೆಯ ಮೇಲೆ ನನ್ನ ಹೆಸರು ಇನ್ನೂ ಇತ್ತು.

ಡಬ್ಬಿ ಎರಡು ಸಲ ಕೂಗಿದೆ. ನಮ್ಮ ಸರ್ವರ್ ಎರಡು ಸಲವೂ ಮುಖಕ್ಕೆ ಬಾಗಿಲು ಬಡಿದಿದೆ, ಬಡಿದದ್ದನ್ನು ಎಲ್ಲೂ ಬರೆದಿಟ್ಟಿಲ್ಲ. ಅದನ್ನು ಹಿಡಿಯಬೇಕಿದ್ದ ನನ್ನ ಪರೀಕ್ಷೆ ಎರಡೂವರೆ ವರ್ಷ ಅದನ್ನು ಮುಚ್ಚಿಟ್ಟಿದೆ. ಪ್ಲಗ್ಗನ್ನು ಯಾರೂ ಮುಟ್ಟಿಲ್ಲ.

ಹಸಿರು ಸಾಹೇಬರ ಕೋಣೆಗೆ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಅದೇ ದೊಡ್ಡ ವಿಷಯ.

"ಪರೀಕ್ಷೆ ಪಾಸಾಗಿತ್ತು ತಾನೇ?"

"ಮೂರನೇ ಸಲಕ್ಕೆ ಪಾಸಾಗಿತ್ತು."

"ಪಾಸು ಅಂದ್ರೆ ಪಾಸು. ಮೂರನೇ ಸಲಕ್ಕೆ ಮೆಟ್ರಿಕ್ ಪಾಸಾದವನು ಫೇಲಾದವನಾ?" ಅವರು ನನ್ನನ್ನೇ ನೋಡಿದರು. ಬಹುಶಃ ಸ್ವಂತ ಅನುಭವದ ಮಾತಿರಬೇಕು. "ನಾಳೆ ವಿಚಾರಣೆಗೆ ನೀವೂ ಬನ್ನಿ. ಲಾಗ್ ಖಾಲಿ ಇದೆ ಅಂತ ಹೇಳಿ, ಅಷ್ಟೇ. ಅದು ನಿಜ ತಾನೇ? ಹೆಚ್ಚು ಕೇಳಿದ್ರೆ, ನೆಟ್‌ವರ್ಕ್ ಅನ್ನಿ. ಮುದುಕರು ಹೇಗೂ ಮುಂದಿನ ವರ್ಷ ರಿಟೈರ್ ಆಗ್ತಾರೆ."

"ಸಾರ್, ಆಕೆಯ ಕೆಲಸ ಹೋಗುತ್ತೆ."

"ನಿಮ್ಮದೂ ಹೋಗಬಹುದು, ನೋಡಿ," ಎಂದು ಅವರು ಚಹಾ ಕುಡಿಯಲು ಎದ್ದರು.

ಆ ಮನುಷ್ಯನನ್ನು ಕಂಡರೆ ಹೇಸಿಗೆಯಾಯಿತು. ಆದರೆ ಮೆಟ್ಟಿಲಿಳಿಯುತ್ತಾ ಲೆಕ್ಕಹಾಕಿದೆ: ನೆಟ್‌ವರ್ಕ್ ಎಂಬ ನೆಪವನ್ನು ಅವರಿಗೆ ಕಲಿಸಿದವರು ಯಾರು? ಪಕ್ಕದವರ ಎಲೆಯ ನೊಣ ಓಡಿಸುತ್ತಾ ಕೂತಿದ್ದೆ, ನನ್ನ ಎಲೆಯಲ್ಲೇ ಹೆಗ್ಗಣ ಸತ್ತು ಬಿದ್ದಿತ್ತು. ಕೆಳಗಿನ ಮಹಡಿಯಲ್ಲಿ ಮುದುಕರು ಮೇಜಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದರು. ಅವರ ಹಿಂದಿನ ತಂತಿಗಳೆಲ್ಲ ಜಡೆ ಹೆಣೆದಷ್ಟು ನೀಟಾಗಿದ್ದವು. ಇಷ್ಟು ವರ್ಷದಲ್ಲಿ ಆ ಕೋಣೆಯೊಳಗೆ ನಾನು ಇಣುಕಿಯೂ ನೋಡಿರಲಿಲ್ಲ.

ಅಲ್ಲಿಂದ ನೇರವಾಗಿ ತಮ್ಮನ ಮನೆಗೆ ಹೋದೆ. ಬಾಗಿಲು ತೆರೆದವಳು ಅವನ ಹೆಂಡತಿ. ಕಣ್ಣು ಊದಿಕೊಂಡಿತ್ತು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು, ಇನ್ನೊಬ್ಬ ವಿಚಾರಣಾಧಿಕಾರಿ ಬಂದ ಹಾಗೆ.

"ಅತ್ತಿಗೆ, ನಾನು ಪ್ಲಗ್ ಮುಟ್ಟಿಲ್ಲ. ಮಕ್ಕಳಾಣೆ."

"ಗೊತ್ತು," ಎಂದೆ. ಆ ಒಂದು ಮಾತಿಗೆ ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ನನಗೆ ಯಾರನ್ನೂ ಸಮಾಧಾನ ಮಾಡಿ ಅಭ್ಯಾಸವಿಲ್ಲ. ಚಪ್ಪಲಿ ಬಿಡುವ ನೆಪದಲ್ಲಿ ಸುಮ್ಮನೆ ನಿಂತಿದ್ದೆ.

ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿಕೊಂಡು ಕೇಳಿದೆ: "ಡಬ್ಬಿಯ ಕೆಂಪು ದೀಪದ ವಿಷಯ ಏನೋ ಹೇಳಿದ್ದೆಯಲ್ಲ ಒಮ್ಮೆ, ಏನದು?"

ಅವಳು ನೋಟ್‌ಬುಕ್ ತಂದಳು. ನೀಲಿ ರಟ್ಟು, ಮೂಲೆಗಳೆಲ್ಲ ಸವೆದಿದ್ದವು. "ವಾರಕ್ಕೊಂದ್ಸಲ ಗುಂಡಿ ಒತ್ತಿ ನೋಡಿ ಅಂತ ನಿಮ್ಮ ಕಂಪನಿಯವರೇ ಚೀಟಿ ಅಂಟಿಸಿದ್ರಲ್ಲ ಅತ್ತಿಗೆ? ವಾರದ ದಿನ ಕೆಲಸ ಇರುತ್ತೆ, ಅದಕ್ಕೆ ಭಾನುವಾರ ಬೆಳಿಗ್ಗೆ ಹೋಗ್ತೀನಿ. ಹನ್ನೊಂದಕ್ಕೆ."

ತೆರೆದು ನೋಡಿದೆ. ದುಂಡು ಅಕ್ಷರ. "ಭಾನುವಾರ. ಗುಂಡಿ ಒತ್ತಿದೆ. ಕೆಂಪು, ಕೆಂಪು. ಮತ್ತೆ ಒತ್ತಿದೆ. ಹಸಿರು." ಮುಂದಿನ ವಾರ ಅದೇ. ಅದರ ಮುಂದಿನ ವಾರವೂ ಅದೇ. ಒಂದು ಕಡೆ, "ಅನುಮಾನ ಬಂದು ಬುಧವಾರ ಒತ್ತಿದೆ. ಒಂದೇ ಸಲಕ್ಕೆ ಹಸಿರು. ಭಾನುವಾರ ಮಾತ್ರ ಹೀಗೆ. ಯಾರೂ ಇಲ್ಲದ ದಿನ ಅದಕ್ಕೆ ಕಿವಿ ಕೇಳಿಸಲ್ಲವೇನೋ." ಹೀಗೆ ಇಪ್ಪತ್ತಾರು ಭಾನುವಾರ. ಕಂಪನಿ ಕಂಪ್ಯೂಟರು, ಪರದೆ, ಹದಿನಾಲ್ಕು ವರ್ಷದ ಅನುಭವ ಎಲ್ಲ ಕೊಟ್ಟು ಕೂರಿಸಿದ್ದ ನಾನು ಹಿಡಿಯದ ದೋಷವನ್ನು ಬೀಗದ ಕೈ ಮರೆಯುವ ಈ ಹೆಂಗಸು ಒಂದು ಬಾಲ್‌ಪೆನ್ನಿನಲ್ಲಿ ಹಿಡಿದಿದ್ದಳು.

ಹಾಳೆ ತಿರುವುತ್ತಿದ್ದಾಗ ಅವಳ ಕೈ ಅಡ್ಡ ಬಂತು.

"ಆ ಹಾಳೆ ಬೇಡ ಅತ್ತಿಗೆ. ಅದನ್ನ ಹರಿದುಬಿಡಿ. ಮಿಕ್ಕಿದ್ದು ಸಾಕಲ್ಲ?"

ಓದಿದೆ. ಓದಿ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಅವಳು ಚಹಾ ಮಾಡಿದಳು. ಸಕ್ಕರೆ ಹಾಕಲು ಮರೆತಿದ್ದಳು. ನಾನು ಏನೂ ಅನ್ನದೆ ಕುಡಿದೆ.

ವಿಚಾರಣೆ ನಡೆದದ್ದು ಆಸ್ಪತ್ರೆಯ ಎರಡನೇ ಮಹಡಿಯ ಸಣ್ಣ ಕೋಣೆಯಲ್ಲಿ. ಉದ್ದನೆಯ ಮೇಜು, ಒಂದು ಕಾಲಿಗೆ ರಟ್ಟು ಮಡಿಸಿಟ್ಟಿದ್ದರು. ನಡುವೆ ಮುಖ್ಯ ವೈದ್ಯೆ, ಅವರ ಪಕ್ಕ ಬರೆದುಕೊಳ್ಳುವ ಗುಮಾಸ್ತರು. ಒಂದು ಕಡೆ ನಾನು ಮತ್ತು ಇಸ್ತ್ರಿ ಮುರಿಯದ ಹಸಿರು ಸಾಹೇಬರು. ಇನ್ನೊಂದು ಕಡೆ ಒಬ್ಬಳೇ ಅವಳು, ಮೊಣಕಾಲ ಮೇಲೆ ಕೈ ಜೋಡಿಸಿಕೊಂಡು.

"ಲಾಗ್ ಇದೆ ಮೇಡಂ," ಎಂದರು ಸಾಹೇಬರು. "ಲಾಗ್ ಸುಳ್ಳು ಹೇಳಲ್ಲ. ನಮ್ಮ ಪರೀಕ್ಷೆ ಬರೆದವರೇ ಬಂದಿದ್ದಾರೆ, ಹೇಳ್ತಾರೆ."

ನಾನು ಎದ್ದು ನಿಂತೆ. "ಲಾಗ್ ಸುಳ್ಳು ಹೇಳಲ್ಲ, ಸರಿ. ಆದ್ರೆ ಬಾಗಿಲಿಂದ ಆಚೆ ತಳ್ಳಿದವರ ಹೆಸರು ಅದು ಬರೆಯೋದೇ ಇಲ್ಲ," ಎಂದು ಶುರುಮಾಡಿ, ಎರಡು ಬಾಗಿಲಿನ ಕತೆ, ಒಂಬತ್ತು ಸೆಕೆಂಡಿನ ಕತೆ ಹೇಳಿದೆ. ನಮ್ಮ ಪರೀಕ್ಷೆಯ ಪಟ್ಟಿಯನ್ನೂ ಅವಳ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟೆ. ಒಂದೊಂದು ತಾರೀಖೂ ತಾಳೆಯಾಗುತ್ತಿತ್ತು. ಸಾಹೇಬರು ಎರಡು ಸಲ ಕೆಮ್ಮಿದರು. ನಾನು ಆ ಕೆಮ್ಮನ್ನು ಲಾಗ್‌ಗೆ ಸೇರಿಸಲಿಲ್ಲ.

ಮುಖ್ಯ ವೈದ್ಯೆ ಕನ್ನಡಕ ಏರಿಸಿಕೊಂಡು ಪುಟ ನೋಡಿದರು. "ಆರು ತಿಂಗಳಿಂದ ಗೊತ್ತಿತ್ತಲ್ಲಮ್ಮ ನಿಮಗೆ?" ಎಂದು ಅವಳನ್ನು ಗದರಿದರು. "ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ ಅಂದ್ರೆ ತಪ್ಪು ನಿಮ್ಮದೇ ಆಗುತ್ತೆ. ಕಂಪನಿಗೆ ತಿಳಿಸಬೇಕು ಅಂತ ಅನ್ನಿಸಲಿಲ್ವಾ?"

ಅವಳು ನನ್ನತ್ತ ನೋಡಲಿಲ್ಲ. "ಹೇಳ್ಬೇಕಿತ್ತು ಮೇಡಂ. ತಪ್ಪಾಯ್ತು," ಎಂದಳು.

ಸಾಹೇಬರ ಮುಖಕ್ಕೆ ಕಳೆ ಬಂತು. ಗುಮಾಸ್ತರು ಬರೆದುಕೊಳ್ಳತೊಡಗಿದರು. ಅವಳು ಮೂರ್ಖಳಿರಬೇಕು ಎಂದುಕೊಂಡೆ. ಹನ್ನೊಂದು ವರ್ಷದ ಅನ್ನವನ್ನು ನನ್ನಂಥವಳ ಮರ್ಯಾದೆಗೆ ಬಿಟ್ಟುಕೊಡುತ್ತಿದ್ದಾಳೆ. ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

"ಬರೀಬೇಡಿ," ಎಂದು ಗುಮಾಸ್ತರಿಗೆ ಹೇಳಿ, ನೋಟ್‌ಬುಕ್ ತೆಗೆದುಕೊಂಡೆ. ಅವಳು ಹರಿಯಲು ಹೇಳಿದ್ದ ಹಾಳೆ ಅದರಲ್ಲೇ ಇತ್ತು. ಗಟ್ಟಿಯಾಗಿ ಓದಿದೆ:

"ಸೋಮವಾರ. ದೀಪದ ವಿಷಯ ಹೇಳಲು ಅತ್ತಿಗೆಗೆ ಫೋನ್ ಮಾಡಿದೆ, ಅವರು ಅದೇ ಕಂಪನಿ. ಎತ್ತಲಿಲ್ಲ. ಮತ್ತೆ ಮಾಡಿದೆ. ಕಟ್ ಮಾಡಿದರು. ಮೂರನೇ ಸಲ ಎತ್ತಿದರು. ಪರೀಕ್ಷೆ ದಿನಾ ಪಾಸಾಗುತ್ತೆ, ನಿನ್ನ ತಲೆಯಲ್ಲೇ ಕೆಂಪು ದೀಪ ಇರಬೇಕು, ಬೀಗದ ಕೈ ಎಲ್ಲಿದೆ ನೋಡ್ಕೋ ಹೋಗು ಅಂದರು. ಇನ್ನು ಕೇಳಬಾರದು."

ಸಾಹೇಬರು ತಮ್ಮ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು.

"ಯಾರು ಈ ಅತ್ತಿಗೆ?" ಎಂದು ಕೇಳಿದರು ಮುಖ್ಯ ವೈದ್ಯೆ.

"ನಾನು," ಎಂದೆ. ಅವರು ಎರಡನೇ ಸಲ ಕೇಳಬೇಕಾಗಲಿಲ್ಲ.